ಶಿಕಾಗೊದ ತಾರಾಪಂದ್ಯ ಮತ್ತು 1976ರ ಬಿರುಮಳೆ

ಅಮೆರಿಕದ ಶಿಕಾಗೊ ನಗರದಲ್ಲಿ 1934ರಿಂದ 1976ರವರೆಗೆ, ನಡುವಿನ ಒಂದು ವರ್ಷವನ್ನು ಬಿಟ್ಟರೆ, ಪ್ರತಿ ಬೇಸಿಗೆಯಲ್ಲಿಯೂ ನಡೆದ ‘ಕಾಲೇಜ್ ಆಲ್-ಸ್ಟಾರ್’ ಫುಟ್‌ಬಾಲ್ ಪಂದ್ಯವು ಆ ದೇಶದ ಕ್ರೀಡಾ ಇತಿಹಾಸದಲ್ಲಿ ಬೇರಾವುದಕ್ಕೂ ಹೋಲಿಸಲಾಗದ ಒಂದು ಏರ್ಪಾಡಾಗಿತ್ತು. ಹಿಂದಿನ ಋತುವಿನಲ್ಲಿ ವೃತ್ತಿಪರರ ಪ್ರಶಸ್ತಿಯನ್ನು ಗೆದ್ದ ತಂಡವು, ಆಗಷ್ಟೇ ಕಾಲೇಜು ಮುಗಿಸಿದ ಅತ್ಯುತ್ತಮ ಆಟಗಾರರನ್ನು ದೇಶದ ಎಲ್ಲ ಮೂಲೆಗಳಿಂದ ಆಯ್ದು ಕಟ್ಟಿದ ತಂಡವೊಂದನ್ನು ಎದುರಿಸಬೇಕೆಂಬುದು ಆ ಪಂದ್ಯದ ಸರಳವಾದ ಕಲ್ಪನೆಯಾಗಿತ್ತು. 1976ರ ಜುಲೈ 23ರ ರಾತ್ರಿ ಗುಡುಗು ಮಿಂಚುಗಳೊಡನೆ ಸುರಿದ ಮಳೆಯಲ್ಲಿ ಈ ಸರಣಿಯ 42ನೆಯ ಪಂದ್ಯವು ಅರ್ಧದಲ್ಲಿಯೇ ನಿಂತುಹೋಯಿತು. ಆಮೇಲೆ ಅದು ಮತ್ತೆಂದೂ ನಡೆಯಲಿಲ್ಲ. ಇದರಿಂದಾಗಿ, ನಾಲ್ಕು ದಶಕಗಳ ಒಂದು ಪರಂಪರೆಯನ್ನು ಮಳೆಯೇ ಕೊಚ್ಚಿಕೊಂಡು ಹೋಯಿತೆಂಬ ಮಾತು ಕ್ರೀಡಾಲೇಖನಗಳಲ್ಲಿ ರೂಢಿಗೆ ಬಂದಿದೆ. ಆದರೆ ಈ ಪಂದ್ಯ ಹುಟ್ಟಿದ ಕಾಲದ ಸ್ಥಿತಿಯನ್ನೂ ಅದು ಮುಗಿದ ಕಾಲದ ಸ್ಥಿತಿಯನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಿದರೆ, ಮಳೆ ಕೇವಲ ನೆಪವಾಗಿತ್ತೆಂದು ಹೇಳಲು ಸಾಕಷ್ಟು ಆಧಾರಗಳು ಸಿಗುತ್ತವೆ.

ಇಲ್ಲಿ ಫುಟ್‌ಬಾಲ್ ಎಂದರೆ ಕರ್ನಾಟಕದ ಮೈದಾನಗಳಲ್ಲಿ ಕಾಲಿನಿಂದ ಚೆಂಡೊದೆಯುವ ಆಟವಲ್ಲ. ಎರಡೂ ತುದಿ ಚೂಪಾಗಿರುವ ಉದ್ದನೆಯ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತ, ಇಲ್ಲವೇ ಸಂಗಾತಿಗೆ ಎಸೆಯುತ್ತ, ನೂರು ಗಜ ಉದ್ದದ ಮೈದಾನದ ಕೊನೆಯ ಗೆರೆಯನ್ನು ದಾಟಿಸುವುದು ಈ ಆಟದ ಗುರಿ. ಪ್ರತಿ ತಂಡದಲ್ಲಿ ಹನ್ನೊಂದು ಮಂದಿ ಇರುತ್ತಾರೆ; ದಾಳಿ ಮಾಡುವ ತಂಡವು ನಾಲ್ಕು ಯತ್ನಗಳೊಳಗೆ ಹತ್ತು ಗಜವಾದರೂ ಮುಂದೆ ಹೋಗಬೇಕು, ಹೋಗದಿದ್ದರೆ ಚೆಂಡು ಎದುರಾಳಿಗಳ ಪಾಲಾಗುತ್ತದೆ. ಗೆರೆ ದಾಟಿಸಿದರೆ ಸಿಗುವ ಆರು ಅಂಕಗಳಿಗೆ ‘ಟಚ್‌ಡೌನ್’ ಎಂದೂ, ಚೆಂಡನ್ನು ಒದ್ದು ಎರಡು ಕಂಬಗಳ ನಡುವೆ ತೂರಿಸಿದಾಗ ಸಿಗುವ ಮೂರು ಅಂಕಗಳಿಗೆ ‘ಫೀಲ್ಡ್ ಗೋಲ್’ ಎಂದೂ ಹೆಸರು. ಒಂದು ತಂಡದ ಚೆಂಡು ಅದರದೇ ಗೆರೆಯ ಹಿಂದೆ ಸಿಕ್ಕಿಬಿದ್ದರೆ ಎದುರಾಳಿಗೆ ಎರಡು ಅಂಕಗಳು ಸಲ್ಲುತ್ತವೆ, ಅದು ‘ಸೇಫ್ಟಿ’. ಆಟವು ಹದಿನೈದು ಹದಿನೈದು ನಿಮಿಷಗಳ ನಾಲ್ಕು ಭಾಗಗಳಲ್ಲಿ ನಡೆಯುತ್ತದೆ. ನಾಲ್ಕು ಹನಿ ಬಿದ್ದರೆ ಪಿಚ್ಚಿನ ಮೇಲೆ ಹೊದಿಕೆ ಎಳೆಯುವ ಕ್ರಿಕೆಟ್ಟನ್ನು ನೋಡಿ ಬೆಳೆದವರಿಗೆ ಅಚ್ಚರಿಯೆನಿಸಬಹುದಾದ ಸಂಗತಿಯೆಂದರೆ, ಈ ಆಟದಲ್ಲಿ ಮಳೆ, ಹಿಮ, ಕೆಸರು, ಚಳಿ ಇವು ಯಾವುವೂ ಆಟ ನಿಲ್ಲಿಸಲು ತಕ್ಕ ಕಾರಣಗಳೆಂದು ಎಣಿಕೆಯಾಗುವುದಿಲ್ಲ. 1948ರ ವೃತ್ತಿಪರ ಪ್ರಶಸ್ತಿಯ ಪಂದ್ಯವು ಫಿಲಡೆಲ್ಫಿಯಾದಲ್ಲಿ ಮೈದಾನದ ಗೆರೆಗಳೇ ಕಾಣದಷ್ಟು ಹಿಮ ಸುರಿಯುತ್ತಿರುವಾಗ ನಡೆದು 7–0 ಅಂಕಗಳಿಂದ ತೀರ್ಮಾನವಾಯಿತು. 1967ರ ಡಿಸೆಂಬರ್ 31ರಂದು ಗ್ರೀನ್ ಬೇ ಪಟ್ಟಣದಲ್ಲಿ ಶೂನ್ಯಕ್ಕಿಂತ 25 ಡಿಗ್ರಿ ಸೆಲ್ಸಿಯಸ್‌ನಷ್ಟು ಕೆಳಗಿನ ಚಳಿಯಲ್ಲಿ ಆಡಿದ ಪಂದ್ಯವು ‘ಐಸ್ ಬೌಲ್’ ಎಂದೇ ಹೆಸರಾಗಿದೆ. ಇಂಥ ಆಟದಲ್ಲಿ, ಅದೂ ಬೇಸಿಗೆಯ ನಡುವೆ, ಹವಾಮಾನಕ್ಕೆ ಮಣಿದು ಪಂದ್ಯವೊಂದನ್ನು ಕೈಬಿಡಬೇಕಾಗಿ ಬಂದದ್ದರಿಂದಲೇ 1976ರ ಆ ರಾತ್ರಿ ನೆನಪಿನಲ್ಲಿ ಉಳಿದಿದೆ.

ಪಂದ್ಯದ ಹುಟ್ಟನ್ನು ಅರಿಯಲು 1930ರ ದಶಕದ ಆರಂಭದಲ್ಲಿ ಕಾಲೇಜು ಆಟಕ್ಕೂ ವೃತ್ತಿಪರ ಆಟಕ್ಕೂ ಇದ್ದ ಅಂತರವನ್ನು ಗಮನಿಸಬೇಕಾಗುತ್ತದೆ. ಆ ದಿನಗಳಲ್ಲಿ ಫುಟ್‌ಬಾಲ್ ಎಂದರೆ ಅಮೆರಿಕದವರಿಗೆ ಕಾಲೇಜುಗಳ ನಡುವಿನ ಪೈಪೋಟಿಯೇ ಆಗಿತ್ತು. ವಿಶ್ವವಿದ್ಯಾಲಯಗಳ ಬೃಹತ್ ಕ್ರೀಡಾಂಗಣಗಳು ಶನಿವಾರ ಶನಿವಾರ ತುಂಬುತ್ತಿದ್ದವು. ಹಣ ಪಡೆದು ಭಾನುವಾರ ಆಡುವವರನ್ನು ಮಾತ್ರ ಗಣ್ಯ ಸಮಾಜವು ಹಗುರವಾಗಿ ಕಾಣುತ್ತಿತ್ತು. 1920ರಲ್ಲಿ ಸ್ಥಾಪನೆಯಾದ ವೃತ್ತಿಪರರ ಕೂಟಕ್ಕೆ, ಅಂದರೆ ನ್ಯಾಷನಲ್ ಫುಟ್‌ಬಾಲ್ ಲೀಗ್ ಅಥವಾ ಎನ್‌ಎಫ್‌ಎಲ್‌ಗೆ, ಸೇರಿದ ತಂಡಗಳಲ್ಲಿ ಹಲವು ಒಂದೆರಡು ವರ್ಷ ಬಾಳಿ ಮುಚ್ಚಿಹೋಗುತ್ತಿದ್ದವು. ಪದವಿ ಪಡೆದ ಆಟಗಾರನೊಬ್ಬ ಮುಂದೆ ಹಣಕ್ಕಾಗಿ ಆಡುವುದು ಅವನ ಅನೇಕ ದಾರಿಗಳಲ್ಲಿ ಒಂದಾಗಿತ್ತೇ ಹೊರತು ಎಲ್ಲಕ್ಕಿಂತ ಒಳ್ಳೆಯ ದಾರಿಯಾಗಿರಲಿಲ್ಲ. ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ‘ಡ್ರಾಫ್ಟ್’ ಎಂಬ ಪದ್ಧತಿ 1936ರಲ್ಲಿ ಮೊದಲಾದಾಗ, ಎಲ್ಲರಿಗಿಂತ ಮೊದಲು ಆಯ್ಕೆಯಾದ ಶಿಕಾಗೊ ವಿಶ್ವವಿದ್ಯಾಲಯದ ಜೇ ಬರ್ವ್ಯಾಂಗರ್ ವೃತ್ತಿಪರರ ಕೂಟದಲ್ಲಿ ಒಂದೇ ಒಂದು ಪಂದ್ಯವನ್ನೂ ಆಡದೆ ಬೇರೆ ಉದ್ಯೋಗ ಹಿಡಿದನೆಂಬುದು ಆ ಕಾಲದ ಮನೋಭಾವವನ್ನು ಚೆನ್ನಾಗಿ ತೋರಿಸುತ್ತದೆ.

ಶಿಕಾಗೊ ನಗರವು ತನ್ನ ನೂರನೆಯ ವರ್ಷದ ನೆನಪಿಗಾಗಿ 1933ರಲ್ಲಿ ‘ಸೆಂಚುರಿ ಆಫ್ ಪ್ರೋಗ್ರೆಸ್’ ಎಂಬ ವಿಶ್ವಮೇಳವನ್ನು ಏರ್ಪಡಿಸಿತು. ಕನ್ನಡಿಗರು ಸ್ವಾಮಿ ವಿವೇಕಾನಂದರ ಭಾಷಣದ ಮೂಲಕ ಅರಿತಿರುವ 1893ರ ಮೇಳವೂ ಇದೇ ನಗರದಲ್ಲಿ ನಡೆದಿತ್ತಾದ್ದರಿಂದ, ದೊಡ್ಡ ಮೇಳಗಳನ್ನು ನಡೆಸುವುದು ಆ ಊರಿಗೆ ಹೊಸದಾಗಿರಲಿಲ್ಲ. ಆದರೆ ಈ ಬಾರಿ ದೇಶವೇ ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿದ್ದು, ಜನರನ್ನು ಸೆಳೆಯಬಲ್ಲ ಆಕರ್ಷಣೆಗಳು ಬೇಕಾಗಿದ್ದವು. ನಗರದ ಮೇಯರ್ ಎಡ್ವರ್ಡ್ ಕೆಲಿಯ ಕೋರಿಕೆ ‘ಶಿಕಾಗೊ ಟ್ರಿಬ್ಯೂನ್’ ಪತ್ರಿಕೆಗೆ ತಲುಪಿದಾಗ, ಅದರ ಕ್ರೀಡಾ ಸಂಪಾದಕ ಆರ್ಚ್ ವಾರ್ಡ್, ಬೇಸ್‌ಬಾಲ್ ಆಟದ ಎರಡು ಪ್ರಮುಖ ಕೂಟಗಳ ಶ್ರೇಷ್ಠರು ಪರಸ್ಪರ ಎದುರಾಗುವ ಪಂದ್ಯವೊಂದನ್ನು 1933ರ ಜುಲೈ 6ರಂದು ನಡೆಸಿಬಿಟ್ಟ. ಒಂದೇ ವರ್ಷದ ಮಾತೆಂದು ಹೊರಟ ಆ ತಾರಾಪಂದ್ಯವು ಇಂದಿಗೂ ನಡೆಯುತ್ತಿದೆ. ಮೇಳವು 1934ಕ್ಕೂ ಮುಂದುವರಿದಾಗ ವಾರ್ಡ್ ಅದೇ ಕಲ್ಪನೆಯನ್ನು ಫುಟ್‌ಬಾಲ್‌ಗೆ ಅಳವಡಿಸಿದ. ಆದರೆ ಇಲ್ಲಿ ವೃತ್ತಿಪರರನ್ನು ವೃತ್ತಿಪರರ ಎದುರಿಗೆ ನಿಲ್ಲಿಸದೆ, ಕಾಲೇಜಿನವರೋ ವೃತ್ತಿಪರರೋ ಯಾರು ಮೇಲೆಂದು ಜನ ಚರ್ಚಿಸುತ್ತಿದ್ದ ಪ್ರಶ್ನೆಯನ್ನೇ ಮೈದಾನಕ್ಕೆ ತಂದ. ಕಾಲೇಜು ತಂಡದ ಆಟಗಾರರನ್ನು ಪತ್ರಿಕೆಗಳ ಮೂಲಕ ಓದುಗರ ಮತಗಳಿಂದ ಆರಿಸಲಾಯಿತು. ಬಂದ ಆದಾಯ ಧರ್ಮಕಾರ್ಯಗಳಿಗೆಂದು ನಿಗದಿಯಾಯಿತು. ಪತ್ರಿಕೆಯ ಮಾರಾಟಕ್ಕೂ ಇದರಿಂದ ಲಾಭವಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವೃತ್ತಿಪರ ಫುಟ್‌ಬಾಲ್ ಕೂಡ ಇದೇ ಹೊತ್ತಿಗೆ ಹೊಸ ರೂಪ ತಾಳುತ್ತಿತ್ತು, ಮತ್ತು ಅದಕ್ಕೆ ಕಾರಣವಾದದ್ದು ಇದೇ ಶಿಕಾಗೊದ ಕೆಟ್ಟ ಹವೆ. 1932ರ ಋತುವಿನ ಕೊನೆಯಲ್ಲಿ ಶಿಕಾಗೊ ಬೇರ್ಸ್ ಮತ್ತು ಪೋರ್ಟ್ಸ್‌ಮತ್ ಸ್ಪಾರ್ಟನ್ಸ್ ತಂಡಗಳು ಸಮನಾಗಿ ನಿಂತಿದ್ದರಿಂದ ತೀರ್ಮಾನಕ್ಕೆ ಮತ್ತೊಂದು ಪಂದ್ಯ ಬೇಕಾಯಿತು. ಹಿಮ ಮತ್ತು ಕೊರೆವ ಚಳಿಯಿಂದಾಗಿ ಡಿಸೆಂಬರ್ 18ರಂದು ಅದನ್ನು ‘ಶಿಕಾಗೊ ಸ್ಟೇಡಿಯಂ’ ಎಂಬ ಮುಚ್ಚಿದ ಕಟ್ಟಡದೊಳಗೆ, ಕೇವಲ 80 ಗಜ ಉದ್ದದ ಅಂಗಳದಲ್ಲಿ ಆಡಲಾಯಿತು. ಗೋಡೆಗಳು ಗೆರೆಗೆ ತೀರ ಹತ್ತಿರವಿದ್ದುದರಿಂದ ಚೆಂಡನ್ನು ಪ್ರತಿ ಸಲ ಅಂಚಿನಿಂದ ಒಳಕ್ಕೆ ತಂದಿಟ್ಟು ಆಟ ಮುಂದುವರಿಸುವ ಏರ್ಪಾಡು ಮಾಡಬೇಕಾಯಿತು. ಆ ಇಕ್ಕಟ್ಟಿನ ಪಂದ್ಯದ ಅನುಭವದಿಂದ ಎನ್‌ಎಫ್‌ಎಲ್ ಮರುವರ್ಷ ತನ್ನ ನಿಯಮಗಳನ್ನೇ ಬದಲಿಸಿ, ಚೆಂಡನ್ನು ಆಟ ಶುರುವಾಗುವ ಗೆರೆಯ ಹಿಂದೆ ಎಲ್ಲಿಂದ ಬೇಕಾದರೂ ಮುಂದಕ್ಕೆ ಎಸೆಯಲು ಅವಕಾಶ ಕೊಟ್ಟಿತು. ತಂಡಗಳನ್ನು ಎರಡು ವಿಭಾಗಗಳಾಗಿಸಿ ಋತುವಿನ ಕೊನೆಗೆ ಪ್ರಶಸ್ತಿಯ ಪಂದ್ಯವನ್ನೂ ಗೊತ್ತುಮಾಡಿತು. ಹಿಂದಿನ ವರ್ಷದ ‘ಚಾಂಪಿಯನ್ನರು’ ಎಂದು ಒಂದು ತಂಡವನ್ನು ಸಂದೇಹವಿಲ್ಲದೆ ಕರೆದು ಕಾಲೇಜಿನವರ ಎದುರಿಗೆ ನಿಲ್ಲಿಸಲು ವಾರ್ಡ್‌ಗೆ ಸಾಧ್ಯವಾದದ್ದು ಈ ಬದಲಾವಣೆಯಿಂದ.

ಮೊದಲ ಪಂದ್ಯವು 1934ರ ಆಗಸ್ಟ್ 31ರಂದು ಮಿಷಿಗನ್ ಸರೋವರದ ದಡದಲ್ಲಿರುವ ಸೋಲ್ಜರ್ ಫೀಲ್ಡ್‌ನಲ್ಲಿ ನಡೆಯಿತು. ಮೊದಲ ಮಹಾಯುದ್ಧದಲ್ಲಿ ಮಡಿದ ಸೈನಿಕರ ಸ್ಮರಣೆಗೆಂದು 1920ರ ದಶಕದಲ್ಲಿ ಕಟ್ಟಿದ, ಗ್ರೀಕ್ ದೇಗುಲಗಳನ್ನು ನೆನಪಿಸುವ ಕಂಬಸಾಲುಗಳ ಆ ಕ್ರೀಡಾಂಗಣಕ್ಕೆ ಅಂದು 79,432 ಮಂದಿ ಬಂದರೆಂಬ ಲೆಕ್ಕವಿದೆ. ಜಾರ್ಜ್ ಹಾಲಸ್ ತರಬೇತಿಯ ಶಿಕಾಗೊ ಬೇರ್ಸ್ ತಂಡವು ಕಾಲೇಜಿನವರ ವಿರುದ್ಧ ಒಂದೂ ಅಂಕ ಗಳಿಸಲಾಗದೆ ಪಂದ್ಯ 0–0 ಆಗಿ ಮುಗಿಯಿತು. ನೋಡುವವರಿಗೆ ಇದು ನೀರಸವಾದ ಆಟವಾಗಿದ್ದಿರಬಹುದು. ಫಲಿತಾಂಶದ ತೂಕ ತಿಳಿದದ್ದು ಆಮೇಲೆ. ಅದೇ ಬೇರ್ಸ್ ತಂಡ ಆ ಋತುವಿನ ಹದಿಮೂರು ಲೀಗ್ ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಮುಗಿಸಿತು. ಕೊನೆಗೆ ಅದನ್ನು ಸೋಲಿಸಿದ್ದು ನ್ಯೂಯಾರ್ಕಿನ ಮಂಜುಗಟ್ಟಿದ ನೆಲದ ಮೇಲೆ ನಡೆದ ಪ್ರಶಸ್ತಿಯ ಪಂದ್ಯದಲ್ಲಿ, ನಡುವೆ ಬೂಟು ಬದಲಿಸಿ ಬಾಸ್ಕೆಟ್‌ಬಾಲ್ ಆಡುವವರ ರಬ್ಬರ್ ತಳದ ಶೂಗಳನ್ನು ತೊಟ್ಟು ಬಂದ ನ್ಯೂಯಾರ್ಕ್ ಜೈಂಟ್ಸ್ ತಂಡ.

1935ರಲ್ಲಿ, ಚಾಂಪಿಯನ್ನರಾದ ಜೈಂಟ್ಸ್ ಬದಲು ಮತ್ತೆ ಆಡಿದ ಬೇರ್ಸ್ ತಂಡವು 5–0 ಅಂಕಗಳಿಂದ ಗೆದ್ದಿತು. ಕಾಲೇಜು ತಂಡದಲ್ಲಿ ಅಂದು ಮಿಷಿಗನ್ ವಿಶ್ವವಿದ್ಯಾಲಯದಿಂದ ಬಂದ ಜೆರಾಲ್ಡ್ ಫೋರ್ಡ್ ಎಂಬ ಯುವಕನೂ ಇದ್ದ. ವೃತ್ತಿಪರ ತಂಡಗಳು ಕರೆದರೂ ಹೋಗದೆ, ಯೇಲ್ ವಿಶ್ವವಿದ್ಯಾಲಯದಲ್ಲಿ ತರಬೇತುದಾರನ ಕೆಲಸ ಹಿಡಿದು, ಅಲ್ಲಿಯೇ ಕಾನೂನು ಓದಿ, ಮುಂದೆ ರಾಜಕೀಯಕ್ಕೆ ಇಳಿದವನು. ನಲವತ್ತೊಂದು ವರ್ಷಗಳ ನಂತರ ಈ ಸರಣಿಯ ಕೊನೆಯ ಪಂದ್ಯ ಮಳೆಯಲ್ಲಿ ನಿಂತಾಗ ಶ್ವೇತಭವನದಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದವರು ಇದೇ ಫೋರ್ಡ್.

ಕಾಲೇಜಿನವರು ಮೊದಲ ಬಾರಿಗೆ ಗೆದ್ದದ್ದು 1937ರಲ್ಲಿ. ಟೆಕ್ಸಸ್‌ನ ಸ್ಯಾಮಿ ಬಾ ಎಂಬ ಎಸೆತಗಾರ ಕಳುಹಿಸಿದ ಚೆಂಡನ್ನು ಲೂಯಿಸಿಯಾನಾದ ಗೇನೆಲ್ ಟಿನ್ಸ್‌ಲಿ ಹಿಡಿದು ಗೆರೆ ದಾಟಿದಾಗ ಬಂದ ಆರು ಅಂಕಗಳೇ ಗ್ರೀನ್ ಬೇ ಪ್ಯಾಕರ್ಸ್ ತಂಡವನ್ನು ಸೋಲಿಸಲು ಸಾಕಾದವು. ಬಾ ಆ ವರ್ಷವೇ ವಾಷಿಂಗ್ಟನ್ ತಂಡವನ್ನು ಸೇರಿ ಅದಕ್ಕೆ ವೃತ್ತಿಪರ ಪ್ರಶಸ್ತಿಯನ್ನು ಗೆದ್ದುಕೊಟ್ಟ. ಆದರೆ 1938ರಲ್ಲಿ ಅದೇ ವಾಷಿಂಗ್ಟನ್ ತಂಡವು ಶಿಕಾಗೊಗೆ ಬಂದು ಕಾಲೇಜಿನವರ ಹೊಸ ತಂಡಕ್ಕೆ 28–16ರಿಂದ ಶರಣಾಯಿತು. ಮೊದಲ ಐದು ಪಂದ್ಯಗಳಲ್ಲಿ ಎರಡು ಸಮಬಲ, ಎರಡು ಕಾಲೇಜಿನವರ ಗೆಲುವು, ಒಂದೇ ಒಂದು ವೃತ್ತಿಪರರ ಗೆಲುವು ಎಂಬ ಲೆಕ್ಕವನ್ನು ನೋಡಿದರೆ, ವಾರ್ಡ್ ಎತ್ತಿದ ಪ್ರಶ್ನೆ ಆ ದಿನಗಳಲ್ಲಿ ನಿಜವಾಗಿಯೂ ಉತ್ತರವಿಲ್ಲದ ಪ್ರಶ್ನೆಯಾಗಿತ್ತೆಂದು ಒಪ್ಪಬೇಕಾಗುತ್ತದೆ.

ಈ ಪಂದ್ಯದ ಇತಿಹಾಸದಲ್ಲಿ ಹೆಚ್ಚು ಗಮನ ಸೆಳೆಯದ, ಆದರೆ ಸೆಳೆಯಬೇಕಾದ ಇನ್ನೊಂದು ಮುಖವಿದೆ. 1934ರಿಂದ 1945ರವರೆಗಿನ ಋತುಗಳಲ್ಲಿ ಎನ್‌ಎಫ್‌ಎಲ್ ತಂಡಗಳು ಕಪ್ಪು ವರ್ಣದ ಆಟಗಾರರಿಗೆ ಬಾಗಿಲು ಮುಚ್ಚಿದ್ದವು. ಹಾಗೆಂದು ಬರೆದಿಟ್ಟ ನಿಯಮವೇನೂ ಇರಲಿಲ್ಲ, ಒಡೆಯರ ನಡುವಿನ ಮೌನ ಒಪ್ಪಂದವೇ ಸಾಕಾಗಿತ್ತು. ಲಾಸ್ ಏಂಜಲಿಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ಕೆನಿ ವಾಷಿಂಗ್ಟನ್ 1940ರಲ್ಲಿ ಶಿಕಾಗೊದ ಕಾಲೇಜು ತಂಡದಲ್ಲಿ ಆಡಿ, ವೃತ್ತಿಪರ ಚಾಂಪಿಯನ್ನರಾದ ಪ್ಯಾಕರ್ಸ್ ವಿರುದ್ಧ ಟಚ್‌ಡೌನ್ ಗಳಿಸಿದ. ಅಂದರೆ ಆ ಚಾಂಪಿಯನ್ನರ ಎದುರಿಗೆ ಆಡುವ ಅರ್ಹತೆ ಅವನಿಗಿತ್ತು, ಅವರ ಜೊತೆಗೆ ಆಡುವ ಅವಕಾಶ ಇರಲಿಲ್ಲ. ಅವನು ಎನ್‌ಎಫ್‌ಎಲ್ ಪ್ರವೇಶಿಸಲು 1946ರವರೆಗೆ ಕಾಯಬೇಕಾಯಿತು. ಆ ಹೊತ್ತಿಗೆ ಅವನ ಮೊಣಕಾಲುಗಳು ಸವೆದಿದ್ದವು.

ಎರಡನೆಯ ಮಹಾಯುದ್ಧದ ನಡುವೆ, 1943 ಮತ್ತು 1944ರಲ್ಲಿ, ಪಂದ್ಯವು ಪಕ್ಕದ ಎವನ್‌ಸ್ಟನ್‌ನಲ್ಲಿರುವ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಕ್ರೀಡಾಂಗಣಕ್ಕೆ ಸ್ಥಳಾಂತರಗೊಂಡಿತು. 1943ರಲ್ಲಿ ವಾಷಿಂಗ್ಟನ್ ತಂಡವನ್ನು 27–7ರಿಂದ ಸೋಲಿಸಿದ ಕಾಲೇಜು ತಂಡದಲ್ಲಿದ್ದ ಆಟೊ ಗ್ರಹಾಂ, ಎದುರಾಳಿಯ ಎಸೆತವನ್ನು ನಡುವೆ ಹಿಡಿದು 97 ಗಜ ಓಡಿ ಟಚ್‌ಡೌನ್ ಮಾಡಿದ. ಅವನ ಹೆಸರು ಈ ಪಂದ್ಯದ ಕತೆಯಲ್ಲಿ ಇನ್ನೂ ಎರಡು ಬಾರಿ ಬರುತ್ತದೆ. ಯುದ್ಧ ಮುಗಿದ ಮೇಲಿನ ವರ್ಷಗಳು ಈ ಸರಣಿಯ ಉಚ್ಛ್ರಾಯ ಕಾಲವೆನ್ನಬಹುದು. 1947ರಲ್ಲಿ ಬೇರ್ಸ್ ತಂಡವನ್ನು ಕಾಲೇಜಿನವರು 16–0ಯಿಂದ ಸೋಲಿಸಿದ್ದನ್ನು 105,840 ಪ್ರೇಕ್ಷಕರು ನೋಡಿದರು. ಅಷ್ಟು ಜನ ಈ ಪಂದ್ಯಕ್ಕೆ ಮತ್ತೆಂದೂ ಸೇರಲಿಲ್ಲ. ಆರ್ಚ್ ವಾರ್ಡ್ 1955ರ ಜುಲೈ 9ರಂದು ತೀರಿಕೊಂಡ. ಅವನ ಅಂತ್ಯಸಂಸ್ಕಾರದ ದಿನವೇ ಅವನು ಹುಟ್ಟುಹಾಕಿದ ಬೇಸ್‌ಬಾಲ್ ತಾರಾಪಂದ್ಯವೂ ಮಿಲ್ವಾಕಿಯಲ್ಲಿ ಗೊತ್ತಾಗಿತ್ತು. ಅಂತ್ಯಕ್ರಿಯೆಗೆ ಹೋದವರು ಬರಲೆಂದು ಆ ಪಂದ್ಯವನ್ನು ಅರ್ಧ ಗಂಟೆ ತಡವಾಗಿ ಆರಂಭಿಸಲಾಯಿತು. ಅದೇ ಬೇಸಿಗೆಯಲ್ಲಿ ಕಾಲೇಜು ತಂಡವು ಕ್ಲೀವ್‌ಲೆಂಡ್ ಬ್ರೌನ್ಸ್ ತಂಡವನ್ನು 30–27ರಿಂದ ಸೋಲಿಸಿತು.

ಪ್ರಶಸ್ತಿಗಳನ್ನು ಗೆದ್ದು ಆಟದಿಂದ ನಿವೃತ್ತನಾಗಿದ್ದ ಗ್ರಹಾಂ 1958ರಲ್ಲಿ ಕಾಲೇಜು ತಂಡದ ತರಬೇತುದಾರನಾಗಿ ಬಂದು ಡೆಟ್ರಾಯಿಟ್ ಲಯನ್ಸ್ ವಿರುದ್ಧ 35–19ರ ಗೆಲುವನ್ನು ತಂದುಕೊಟ್ಟ. ಅವನೇ 1963ರಲ್ಲಿ ವಿನ್ಸ್ ಲೊಂಬಾರ್ಡಿಯ ಗ್ರೀನ್ ಬೇ ಪ್ಯಾಕರ್ಸ್ ತಂಡವನ್ನು ಎದುರಿಸಿದ. ಸತತ ಎರಡು ವರ್ಷ ಪ್ರಶಸ್ತಿ ಗೆದ್ದಿದ್ದ ಆ ತಂಡವನ್ನು ಕಾಲೇಜಿನವರು ಸೋಲಿಸಬಹುದೆಂದು ನಂಬಿದವರು ಬಹಳ ಮಂದಿಯೇನೂ ಇದ್ದಿರಲಾರರು. ಆದರೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರಾನ್ ವಾಂಡರ್‌ಕೆಲೆನ್ ಎಸೆದ ಚೆಂಡನ್ನು ಅದೇ ವಿಶ್ವವಿದ್ಯಾಲಯದ ಪ್ಯಾಟ್ ರಿಕ್ಟರ್ ಹಿಡಿದು ಗೆರೆಯವರೆಗೂ ಓಡಿದಾಗ ಪಂದ್ಯ 20–17ರಿಂದ ಕಾಲೇಜಿನವರ ಕೈಸೇರಿತು. ಗ್ರೀನ್ ಬೇ ಕೂಡ ವಿಸ್ಕಾನ್ಸಿನ್ ರಾಜ್ಯದ ಪಟ್ಟಣವೇ. ಲೊಂಬಾರ್ಡಿಯ ತಂಡವನ್ನು ಅದರ ಸ್ವಂತ ರಾಜ್ಯದ ಹುಡುಗರೇ ಕೆಡವಿದಂತಾಯಿತು. ಅದು ಕಾಲೇಜಿನವರ ಒಂಬತ್ತನೆಯ ಗೆಲುವು, ಮತ್ತು ಕೊನೆಯದು. ಆ ನಂತರದ ಹನ್ನೆರಡು ಪಂದ್ಯಗಳಲ್ಲಿ ಅವರು ಒಮ್ಮೆಯೂ ಗೆಲ್ಲಲಿಲ್ಲ.

ಇಷ್ಟು ಬೇಗನೆ ತಕ್ಕಡಿ ಒಂದು ಕಡೆಗೆ ವಾಲಿದ್ದಕ್ಕೆ ಕಾರಣ ಕಾಲೇಜು ಆಟಗಾರರ ಸಾಮರ್ಥ್ಯ ಕುಗ್ಗಿದ್ದಲ್ಲ. ದೂರದರ್ಶನದ ಹಣ ಹರಿದುಬಂದಂತೆ ವೃತ್ತಿಪರ ತಂಡಗಳು ವರ್ಷವಿಡೀ ನಡೆಯುವ ಉದ್ಯಮಗಳಾದವು. ಅವುಗಳ ದಾಳಿ ಮತ್ತು ರಕ್ಷಣೆಯ ತಂತ್ರಗಳು ಎಷ್ಟು ಜಟಿಲವಾದವೆಂದರೆ, ಎರಡು ಮೂರು ವಾರ ಒಟ್ಟಿಗೆ ಅಭ್ಯಾಸ ಮಾಡಿದ ಅಪರಿಚಿತರ ಗುಂಪು, ಎಷ್ಟೇ ಪ್ರತಿಭಾವಂತರಿದ್ದರೂ, ಅವನ್ನು ಭೇದಿಸುವುದು ಅಸಾಧ್ಯವಾಗುತ್ತ ಬಂದಿತು. ಇನ್ನೊಂದೆಡೆ 1960ರಲ್ಲಿ ಆಟ ಆರಂಭಿಸಿದ ಅಮೆರಿಕನ್ ಫುಟ್‌ಬಾಲ್ ಲೀಗ್ ಎಂಬ ಪ್ರತಿಸ್ಪರ್ಧಿ ಕೂಟವು ಎನ್‌ಎಫ್‌ಎಲ್ ಜೊತೆ ಪೈಪೋಟಿಗೆ ಬಿದ್ದು ಹೊಸ ಆಟಗಾರರ ಬೆಲೆಯನ್ನು ಏರಿಸಿತು. 1965ರಲ್ಲಿ ಜೋ ನೇಮತ್ ಎಂಬ ಕ್ವಾರ್ಟರ್‌ಬ್ಯಾಕ್, ಅಂದರೆ ದಾಳಿಯನ್ನು ನಡೆಸುತ್ತ ಚೆಂಡೆಸೆಯುವ ಆಟಗಾರ, ನ್ಯೂಯಾರ್ಕ್ ಜೆಟ್ಸ್ ತಂಡದಿಂದ ನಾಲ್ಕು ಲಕ್ಷ ಡಾಲರಿಗೂ ಹೆಚ್ಚಿನ ಒಪ್ಪಂದವನ್ನು ಪಡೆದ. ಇಷ್ಟು ಹಣ ತೆತ್ತು ಕೊಂಡ ಆಟಗಾರನನ್ನು ಇನ್ನೊಬ್ಬರ ಧರ್ಮಾರ್ಥ ಪಂದ್ಯಕ್ಕೆ ಕಳಿಸಿ, ಅವನು ಕಾಲು ಮುರಿದುಕೊಂಡು ಬರುವ ಅಪಾಯವನ್ನು ಯಾವ ಒಡೆಯನೂ ಸಂತೋಷದಿಂದ ಒಪ್ಪುವುದಿಲ್ಲ. ಈ ಭಯ ಬರಿಯ ಊಹೆಯೂ ಆಗಿರಲಿಲ್ಲ: 1965ರ ಪಂದ್ಯದಲ್ಲಿ ಕ್ಲೀವ್‌ಲೆಂಡ್‌ನ ಪಾಲ್ ವಾರ್‌ಫೀಲ್ಡ್ ಕತ್ತಿನ ಕೆಳಗಿನ ಮೂಳೆ ಮುರಿದುಕೊಂಡು ಆ ಋತುವಿನ ಬಹುಭಾಗವನ್ನು ಕಳೆದುಕೊಂಡ. ಋತುವಿಗೆ ಮುಂಚಿನ ತರಬೇತಿ ಶಿಬಿರಗಳಿಗೆ ಹೊಸಬರು ತಡವಾಗಿ ಬರುವುದೂ ತರಬೇತುದಾರರಿಗೆ ಸಹಿಸಲಾಗದ ತೊಂದರೆಯಾಗಿತ್ತು.

ವಾರ್‌ಫೀಲ್ಡ್ ಗಾಯಗೊಂಡದ್ದಕ್ಕಿಂತ ಮೂರು ವರ್ಷ ಹಿಂದೆ, 1962ರಲ್ಲಿ, ಕಾಲೇಜು ತಾರೆಯರ ಶಿಬಿರವು ಒಂದು ದುಃಖದ ಘಟನೆಗೆ ಸಾಕ್ಷಿಯಾಗಿತ್ತು. ದೇಶದ ಶ್ರೇಷ್ಠ ಕಾಲೇಜು ಆಟಗಾರನಿಗೆ ಸಲ್ಲುವ ಹೈಸ್ಮನ್ ಪ್ರಶಸ್ತಿಯನ್ನು ಪಡೆದ ಮೊದಲ ಕಪ್ಪು ವರ್ಣದ ಆಟಗಾರ ಅರ್ನಿ ಡೇವಿಸ್, ಈ ಪಂದ್ಯದ ಅಭ್ಯಾಸಕ್ಕೆಂದು ಬಂದಾಗ ಕುತ್ತಿಗೆಯ ಬಾವಿನಿಂದ ಆಸ್ಪತ್ರೆ ಸೇರಿದ. ಪರೀಕ್ಷೆಯಲ್ಲಿ ರಕ್ತದ ಕ್ಯಾನ್ಸರ್ ಇರುವುದು ಗೊತ್ತಾಯಿತು. ವೃತ್ತಿಪರ ಪಂದ್ಯವೊಂದನ್ನೂ ಆಡದೆ ಅವನು 1963ರ ಮೇ 18ರಂದು 23ನೆಯ ವಯಸ್ಸಿನಲ್ಲಿ ಕಣ್ಣುಮುಚ್ಚಿದ.

1970ರ ದಶಕದಲ್ಲಿ ಪಂದ್ಯದ ಬುಡ ಬೇಗ ಬೇಗನೆ ಅಲುಗಾಡತೊಡಗಿತು. 1974ರ ಜುಲೈಯಲ್ಲಿ ವೃತ್ತಿಪರ ಆಟಗಾರರ ಸಂಘವು, ಒಪ್ಪಂದ ಮುಗಿದ ಆಟಗಾರನಿಗೆ ತನ್ನಿಷ್ಟದ ತಂಡವನ್ನು ಸೇರುವ ಸ್ವಾತಂತ್ರ್ಯವಿರಬೇಕೆಂಬ ಬೇಡಿಕೆಯನ್ನು ಮುಂದಿಟ್ಟು ಮುಷ್ಕರ ಹೂಡಿತು, ಪಂದ್ಯ ರದ್ದಾಯಿತು. ಯುದ್ಧಕಾಲದಲ್ಲಿಯೂ ನಿಲ್ಲದ ಸರಣಿ ಮೊದಲ ಬಾರಿಗೆ ಮುರಿದದ್ದು ಹೀಗೆ ಕೂಲಿ ಮತ್ತು ಹಕ್ಕಿನ ಪ್ರಶ್ನೆಯಿಂದ ಎಂಬುದು ಗಮನಾರ್ಹ. 1975ರಲ್ಲಿ ಮತ್ತೆ ಆರಂಭವಾದಾಗ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡವು 21–14ರಿಂದ ಗೆದ್ದು, ಮರುವರ್ಷವೂ ಚಾಂಪಿಯನ್ನರಾಗಿಯೇ ಶಿಕಾಗೊಗೆ ಹಿಂದಿರುಗಿತು.

1976ರ ಸ್ಟೀಲರ್ಸ್ ಆ ದಶಕದ ಅತ್ಯಂತ ಬಲಿಷ್ಠ ತಂಡಗಳಲ್ಲೊಂದು. ಚಕ್ ನೋಲ್ ತರಬೇತಿಯಲ್ಲಿ ಅದು ಸತತ ಎರಡು ಬಾರಿ ಸೂಪರ್ ಬೌಲ್ ಎಂಬ ಅಂತಿಮ ಪಂದ್ಯವನ್ನು ಗೆದ್ದಿತ್ತು. ಎದುರಿಗೆ ಕಾಲೇಜು ತಂಡವನ್ನು ಸಿದ್ಧಪಡಿಸಿದವನು ನೋತ್ರ್ ಡೇಮ್ ವಿಶ್ವವಿದ್ಯಾಲಯದ ಮಾಜಿ ತರಬೇತುದಾರ ಆರಾ ಪಾರ್ಸೇಗಿಯನ್. ಅವನ ಬಳಿಯೂ ಸಾಮಾನ್ಯರಿರಲಿಲ್ಲ: ಚಕ್ ಮನ್ಸಿ, ಮೈಕ್ ಪ್ರುಯಿಟ್, ಜೋ ವಾಷಿಂಗ್ಟನ್ ಮೊದಲಾದ ಓಟಗಾರರು, ಮುಂದೆ ಫುಟ್‌ಬಾಲ್‌ನ ಗೌರವಮಂದಿರವಾದ ಹಾಲ್ ಆಫ್ ಫೇಮ್‌ಗೆ ಸೇರಿದ ಲೀ ರಾಯ್ ಸೆಲ್ಮನ್ ಮತ್ತು ಜಾಕಿ ಸ್ಲೇಟರ್ ಅಲ್ಲಿದ್ದರು. ಆದರೂ ಸ್ಟೀಲರ್ಸ್ ರಕ್ಷಣೆಯನ್ನು ಇವರಾರೂ ಅಲುಗಿಸಲಾಗಲಿಲ್ಲ. ರಾಯ್ ಗೆರೆಲಾ ಒದ್ದ ಮೂರು ಫೀಲ್ಡ್ ಗೋಲ್‌ಗಳು, ಒಂದು ಸೇಫ್ಟಿ, ಫ್ರಾಂಕೋ ಹ್ಯಾರಿಸ್ ಮತ್ತು ಟಾಮಿ ರೀಮನ್ ಓಡಿ ಗಳಿಸಿದ ಎರಡು ಟಚ್‌ಡೌನ್‌ಗಳು ಮತ್ತು ಟಚ್‌ಡೌನ್ ನಂತರದ ಒಂದು ಹೆಚ್ಚುವರಿ ಅಂಕ ಸೇರಿ ಮೂರನೆಯ ಭಾಗ ಮುಗಿಯುವ ಮೊದಲೇ ಅಂಕ 24–0 ಆಗಿತ್ತು. ಈ ಸರಣಿಯ ಕೊನೆಯ ಟಚ್‌ಡೌನ್ ಗಳಿಸಿದ ರೀಮನ್, ಎರಡು ವರ್ಷ ಹಿಂದೆ ಆಟ ಆರಂಭಿಸಿ ಅಷ್ಟರಲ್ಲಿಯೇ ದಿವಾಳಿಯಾಗಿದ್ದ ವರ್ಲ್ಡ್ ಫುಟ್‌ಬಾಲ್ ಲೀಗ್ ಎಂಬ ಇನ್ನೊಂದು ಕೂಟದಿಂದ ಬಂದವನು. ಸ್ಟೀಲರ್ಸ್ ಪರವಾಗಿ ಲೀಗ್ ಪಂದ್ಯ ಆಡುವ ಯೋಗವೂ ಅವನಿಗೆ ಬರಲಿಲ್ಲ.

ಸೋಲ್ಜರ್ ಫೀಲ್ಡ್‌ನಲ್ಲಿ ಅಂದು 52 ಸಾವಿರಕ್ಕೂ ಹೆಚ್ಚು ಜನರಿದ್ದರು; 1947ರ ಸಂಖ್ಯೆಯ ಸುಮಾರು ಅರ್ಧದಷ್ಟು. ಜುಲೈ ತಿಂಗಳ ಕೊನೆಯಲ್ಲಿ ಶಿಕಾಗೊದ ಸುತ್ತಲಿನ ಬಯಲುಸೀಮೆಯಲ್ಲಿ ದಿನವಿಡೀ ಕಾದ ತೇವದ ಗಾಳಿ ಸಂಜೆಯ ಮೇಲೆ ಮೇಲೇರಿ ಗುಡುಗುಮೋಡಗಳಾಗುವುದು ಸಾಮಾನ್ಯ. ಮೂರನೆಯ ಭಾಗದಲ್ಲಿ ಒಂದು ನಿಮಿಷ ಇಪ್ಪತ್ತೆರಡು ಸೆಕೆಂಡುಗಳ ಆಟ ಉಳಿದಿದ್ದಾಗ ಬಿರುಗಾಳಿ, ಮಿಂಚು ಮತ್ತು ಕಣ್ಣು ಕತ್ತಲಿಡಿಸುವ ಮಳೆ ಒಟ್ಟಿಗೆ ಬಂದವು. ಎರಡೂ ತಂಡಗಳು ಮೈದಾನ ಬಿಟ್ಟು ಒಳಗೆ ಹೋದವು. ಇಷ್ಟೇ ಆಗಿದ್ದರೆ ಮಳೆ ಇಳಿದ ಮೇಲೆ ಆಟ ಮುಂದುವರಿಯಬಹುದಾಗಿತ್ತು. ಆದರೆ 1971ರಿಂದ ಸೋಲ್ಜರ್ ಫೀಲ್ಡ್‌ನಲ್ಲಿದ್ದುದು ಮಣ್ಣು ಮತ್ತು ಹುಲ್ಲಲ್ಲ, ಪ್ಲಾಸ್ಟಿಕ್ ಎಳೆಗಳ ಕೃತಕ ಹಾಸು. ಸಹಜವಾದ ನೆಲದಂತೆ ಅದು ನೀರನ್ನು ಹೀರದೆ ಮೇಲೆಯೇ ನಿಲ್ಲಿಸಿಕೊಂಡಿತು. ಆಟಗಾರರು ಹೋದೊಡನೆ ಪ್ರೇಕ್ಷಕರಲ್ಲಿ ಹಲವರು ಕೆಳಗಿಳಿದು, ನೀರು ನಿಂತ ಆ ಹಾಸಿನ ಮೇಲೆ ಓಡಿಬಂದು ಹೊಟ್ಟೆಯ ಮೇಲೆ ಜಾರುವ ಆಟ ಶುರುಮಾಡಿದರು. ಒಬ್ಬರ ಹಿಂದೆ ಒಬ್ಬರಂತೆ ಇಳಿದವರು ಗುಂಪಾದರು. ಗುಂಪು ಗೋಲ್ ಕಂಬಗಳನ್ನು ಹಿಡಿದು ಅಲುಗಿಸಿ ಕೆಡವಿಹಾಕಿತು. ಆಟಕ್ಕೆ ಬೇಕಾದ ಕಂಬವೇ ಇಲ್ಲವಾದ ಮೇಲೆ, ಮೈದಾನವನ್ನು ತೆರವು ಮಾಡಿಸುವುದೂ ಕೈಮೀರಿದ ಮೇಲೆ, ಎನ್‌ಎಫ್‌ಎಲ್ ಆಯುಕ್ತ ಪೀಟ್ ರೋಜೆಲ್ ಮತ್ತು ಟ್ರಿಬ್ಯೂನ್ ಪತ್ರಿಕೆಯ ಅಧಿಕಾರಿಗಳು ರಾತ್ರಿ ಹನ್ನೊಂದರ ಹೊತ್ತಿಗೆ ಪಂದ್ಯ ಮುಗಿಯಿತೆಂದು ಘೋಷಿಸಿದರು. ಘೋಷಣೆಗೆ ಕೂಗಾಟದ ಉತ್ತರ ಬಂದಿತು. ನೀರು ತುಂಬಿದ ಮೈದಾನದಲ್ಲಿ ಹೊಡೆದಾಟಗಳೂ ನಡೆದು, ಪೊಲೀಸರು ಜನರನ್ನು ಚದುರಿಸಬೇಕಾಯಿತು. ಕಾಲೇಜು ತಂಡದ ಅತ್ಯುತ್ತಮ ಆಟಗಾರನೆಂದು ಜೋ ವಾಷಿಂಗ್ಟನ್ ಆಯ್ಕೆಯಾದ.

ಆ ರಾತ್ರಿಯ ವಿವರಗಳನ್ನು ಹೀಗೆ ಕ್ರಮವಾಗಿ ಜೋಡಿಸಿದಾಗ ಒಂದು ಅಂಶ ಸ್ಪಷ್ಟವಾಗುತ್ತದೆ: ಆಟವನ್ನು ತಡೆದದ್ದು ಮಿಂಚು, ಅದನ್ನು ಮುಗಿಸಿದ್ದು ಗುಂಪು. ಅಂಕ 24–0 ಇರದೆ, ಗೆಲುವು ಇನ್ನೂ ಯಾರದೆಂದು ತಿಳಿಯದಂಥ ಸ್ಥಿತಿಯಲ್ಲಿದ್ದಿದ್ದರೆ, ಜನರು ಸುಮ್ಮನೆ ಕಾಯುತ್ತಿದ್ದರೇ ಎಂಬುದಕ್ಕೆ ಖಚಿತವಾದ ಉತ್ತರ ಹೇಳಲಾಗದು; ಆದರೆ ಮುಂದೇನಾಗುವುದೆಂದು ಎಲ್ಲರಿಗೂ ಗೊತ್ತಿದ್ದ ಪಂದ್ಯಕ್ಕಾಗಿ ಮಳೆಯಲ್ಲಿ ನೆನೆಯುತ್ತ ಕೂರಲು ಬಲವಾದ ಕಾರಣವೇನೂ ಅವರಿಗಿರಲಿಲ್ಲ. 1934ರಲ್ಲಿ ಕೇಳಿದ ಪ್ರಶ್ನೆಗೆ 1976ರ ಹೊತ್ತಿಗೆ ಸಂಪೂರ್ಣ ಉತ್ತರ ಸಿಕ್ಕಿತ್ತು, ಹನ್ನೆರಡು ಬಾರಿ ಒಂದೇ ಉತ್ತರ. ಕಾಲೇಜಿನ ಕೀರ್ತಿಯ ನೆರಳಿನಲ್ಲಿ ನಿಂತು ಗೌರವ ಗಳಿಸಲು ವೃತ್ತಿಪರರಿಗೆ ಒಂದು ಕಾಲದಲ್ಲಿ ಈ ಪಂದ್ಯ ಬೇಕಾಗಿತ್ತು. ಈಗ ಅದು ಅವರಿಗೆ ಹೊರೆಯಾಗಿತ್ತು. ಆಟಗಾರರ ವಿಮೆಯ ಖರ್ಚು ಏರಿತ್ತು, ಶಿಬಿರದಿಂದ ಹೊಸಬರನ್ನು ಬಿಟ್ಟುಕೊಡಲು ತಂಡಗಳು ಗೊಣಗುತ್ತಿದ್ದವು, ಪ್ರೇಕ್ಷಕರು ಕಡಿಮೆಯಾಗಿದ್ದರು. 1977ರ ಬೇಸಿಗೆಯಲ್ಲಿ ಪಂದ್ಯವಿರಲಿಲ್ಲ. ಒಟ್ಟು 42 ಪಂದ್ಯಗಳಲ್ಲಿ ವೃತ್ತಿಪರರು 31, ಕಾಲೇಜಿನವರು 9 ಗೆದ್ದು, 2 ಸಮವಾಗಿ ಉಳಿದವು.

ಆ ರಾತ್ರಿ ಆಡಿದವರ ಮುಂದಿನ ಋತು ಕೂಡ ಕುತೂಹಲಕರವಾದದ್ದು. ಸ್ಟೀಲರ್ಸ್ ಮೊದಲ ಐದು ಪಂದ್ಯಗಳಲ್ಲಿ ನಾಲ್ಕನ್ನು ಸೋತು, ನಂತರದ ಒಂಬತ್ತನ್ನೂ ಗೆದ್ದು, ಆ ಒಂಬತ್ತರಲ್ಲಿ ಎದುರಾಳಿಗಳಿಗೆ ಒಟ್ಟು 28 ಅಂಕಗಳನ್ನಷ್ಟೇ ಬಿಟ್ಟುಕೊಟ್ಟಿತು. ಅಂಥ ರಕ್ಷಣೆಯ ಎದುರು ಕಾಲೇಜು ಹುಡುಗರು ಸೊನ್ನೆಗೆ ನಿಂತದ್ದರಲ್ಲಿ ಅವಮಾನವೇನೂ ಇಲ್ಲ. ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾಗಿದ್ದ ಸೆಲ್ಮನ್, ಆ ವರ್ಷವಷ್ಟೇ ಹುಟ್ಟಿದ ಟ್ಯಾಂಪಾ ಬೇ ತಂಡವನ್ನು ಸೇರಿದ. ಅದು ಆ ಋತುವಿನ ಹದಿನಾಲ್ಕೂ ಪಂದ್ಯಗಳನ್ನು ಸೋತಿತು.

ಮಿಂಚಿನ ವಿಷಯದಲ್ಲಿ ಮಾತ್ರ ಕಾಲ ಬದಲಾಗಿದೆ. ಈಗ ಹತ್ತಿರದಲ್ಲಿ ಮಿಂಚು ಕಂಡರೆ ಆಟ ನಿಲ್ಲಿಸಿ, ಕೊನೆಯ ಮಿಂಚಿನಿಂದ ಅರ್ಧ ಗಂಟೆ ಕಳೆಯುವವರೆಗೂ ಕಾಯುವ ಪದ್ಧತಿ ಅಮೆರಿಕದ ಕ್ರೀಡಾಂಗಣಗಳಲ್ಲಿ ಬೇರೂರಿದೆ. 2013ರ ನವೆಂಬರ್ 17ರಂದು ಇದೇ ಸೋಲ್ಜರ್ ಫೀಲ್ಡ್‌ನಲ್ಲಿ ಬೇರ್ಸ್ ಮತ್ತು ಬಾಲ್ಟಿಮೋರ್ ರೇವನ್ಸ್ ಆಡುತ್ತಿದ್ದಾಗ ಅಂಥದೇ ಬಿರುಮಳೆ ಬಂದಿತು. ಪ್ರೇಕ್ಷಕರನ್ನು ಆಸನಗಳಿಂದ ಎಬ್ಬಿಸಿ ಚಾವಣಿಯ ಕೆಳಗೆ ಕಳಿಸಿ, ಸುಮಾರು ಎರಡು ಗಂಟೆ ಕಾದು, ಕೆಸರಾದ ಹುಲ್ಲಿನ ಮೇಲೆ ಆಟ ಮುಂದುವರಿಸಿ, ಹೆಚ್ಚುವರಿ ಸಮಯದಲ್ಲಿ ಬೇರ್ಸ್ 23–20ರಿಂದ ಗೆದ್ದಿತು.

ಕಾಲೇಜು ಮುಗಿಸುವ ಶ್ರೇಷ್ಠ ಆಟಗಾರರು ಇಂದಿಗೂ ಒಂದೆಡೆ ಸೇರುತ್ತಾರೆ. ಅಲಬಾಮಾದ ಮೊಬೈಲ್ ನಗರದಲ್ಲಿ ಪ್ರತಿ ಚಳಿಗಾಲ ನಡೆಯುವ, 1950ರಲ್ಲಿ ಆರಂಭವಾದ ‘ಸೀನಿಯರ್ ಬೌಲ್’ ಎಂಬ ಪಂದ್ಯದಲ್ಲಿ ಅವರು ಎರಡು ತಂಡಗಳಾಗಿ ತಮ್ಮತಮ್ಮಲ್ಲೇ ಆಡುತ್ತಾರೆ. ಪಂದ್ಯಕ್ಕಿಂತ ಅದರ ಹಿಂದಿನ ವಾರದ ಅಭ್ಯಾಸಕ್ಕೆ ಅಲ್ಲಿ ಹೆಚ್ಚು ಬೆಲೆ; ಏಕೆಂದರೆ ಮೈದಾನದ ಅಂಚಿನಲ್ಲಿ ವೃತ್ತಿಪರ ತಂಡಗಳ ತರಬೇತುದಾರರೂ ಆಯ್ಕೆದಾರರೂ ನಿಂತು, ಯಾರ ಎತ್ತರವೆಷ್ಟು, ತೂಕವೆಷ್ಟು, ಯಾರು ಎಷ್ಟು ಬೇಗ ಓಡುತ್ತಾರೆ ಎಂಬುದನ್ನು ಮುಂದೆ ಬರುವ ಡ್ರಾಫ್ಟ್‌ಗಾಗಿ ಗುರುತು ಹಾಕಿಕೊಳ್ಳುತ್ತಿರುತ್ತಾರೆ.